ವೈಕ್ಕೊ ಸುಮ್ಮನಾಗಲಿಲ್ಲ

ಸಡ್ಬರಿ, ನವೆಂಬರ್

ಅಪ್ಪಾ,

ಬಂಡೆ ಕುಸಿದು ನೀನು ಸತ್ತ ಸುರಂಗದಲ್ಲಿ ಹೊಸ ಕಂಪನಮಾಪಕ ಕೂರಿಸಿದ್ದಾರೆ. ನಮ್ಮ ಗಣಿಯ ರೂಢಿಯಂತೆ ಅದಕ್ಕೆ ಅಲ್ಲಿ ಸತ್ತವನ ಹೆಸರನ್ನೇ ಇಟ್ಟಿದ್ದಾರೆ: ವೈಕ್ಕೊ. ಬಂಡೆ ಅದುರಿದಾಗಲೆಲ್ಲ ಇಲ್ಲಿ ಮೇಲೆ ನನ್ನ ಪರದೆಯಲ್ಲಿ ಚುಕ್ಕಿ ಮೂಡುತ್ತದೆ. ಮದ್ದು ಸಿಡಿಸಿದ ಮೇಲೆ ಚುಕ್ಕಿಗಳು ನಿಲ್ಲುವವರೆಗೂ ಯಾರನ್ನೂ ಕೆಳಗಿಳಿಸುವಂತಿಲ್ಲ.

ಇವತ್ತು ಉಳಿದ ಮಾಪಕಗಳೆಲ್ಲ ಸುಮ್ಮನಾದರೂ ನಿನ್ನದು ಸುಮ್ಮನಾಗಲಿಲ್ಲ. ನಿನ್ನ ಹಳೆಯ ಮೇಸ್ತ್ರಿ ರೊಜೇರ್ ಬಂದು ನನ್ನ ಕುರ್ಚಿಯ ಹಿಂದೆ ನಿಂತ.

"ವೈಕ್ಕೊಂದು ಯಾವಾಗ್ಲೂ ಇದೇ ಗೋಳು. ಅವನನ್ನ ಲೆಕ್ಕದಿಂದ ತೆಗಿಯಮ್ಮ, ಹುಡುಗ್ರು ಇಳೀಲಿ."

ಬಂಡೆ ಸದ್ದು ಮಾಡುತ್ತಿದೆ ಎಂದು ನೀನು ಹೇಳಿದಾಗಲೂ ಅವನು ಅಂದದ್ದು ಇದನ್ನೇ.

"ತೆಗಿಯಲ್ಲ," ಎಂದೆ.

ಇಡೀ ಪಾಳಿ ಕೆಳಗಿಳಿಯದೆ ತಮ್ಮ ದೊಡ್ಡ ತಗಡಿನ ಊಟದ ಡಬ್ಬಿಗಳ ಮೇಲೇ ಕೂತು ಕಾಫಿ ಕುಡಿಯುತ್ತ ನನ್ನನ್ನು ಬೈಯಿತು. ಕೆಳಗೆ ಒಂದು ಚೂರು ಕಲ್ಲೂ ಉದುರಲಿಲ್ಲ. ಹೊರಡುವಾಗ ಯಾರೋ, "ಅಪ್ಪನ ಥರಾನೇ ಪುಕ್ಕಲು," ಅಂದರು. ನಾಳೆಯಿಂದ ವೈಕ್ಕೊನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ.

ಬೀಳುವುದಿದ್ದರೆ ಇವತ್ತೇ ಬೀಳಬೇಕಿತ್ತು, ಅಪ್ಪಾ. ಕೆಳಗೆ ಯಾರೂ ಇರಲಿಲ್ಲ.