ಕೂಸಿಗೆ ಹೊಲಿದ ಗವಸು

ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದ ನನ್ನ ಅಪ್ಪನಿಗೆ,

ಇವತ್ತು ಬೆಳಿಗ್ಗೆ ಬೆಟ್ಟ ಎದ್ದಿರಲಿಲ್ಲ. ಮಂಜು ಬುಡದವರೆಗೂ ಇಳಿದಿತ್ತು. ಹಾಗೆ ಹೇಳುತ್ತಿದ್ದವನು ನೀನೇ ಅಲ್ಲವೇ? ಮಹಡಿಯಿಂದ ಇಳಿದು ಬಂದು, "ಇವತ್ತು ಬೆಟ್ಟ ಇನ್ನೂ ಎದ್ದಿಲ್ಲ ಕಣಮ್ಮ, ಮುಸುಕು ಹಾಕ್ಕಂಡು ಮಲಗೈತೆ" ಎಂದು ಫೋನು ಮುಂದೆ ಹಿಡಿಯುತ್ತಿದ್ದೆ. ಅದರಲ್ಲಿ ಬರೀ ಬಿಳಿ. ಮಂಜಿನ ಫೋಟೊ ತೆಗೆದು ಇದು ಬೆಟ್ಟ ಎಂದು ವಾದಿಸುವ ಟೈಲರ್ ಇಡೀ ಮಧುಗಿರಿಯಲ್ಲಿ ನೀನೊಬ್ಬನೇ ಇದ್ದೆ.

ನಿನ್ನ ಫೋನಿನಲ್ಲಿ ಜಾಗವೆಲ್ಲ ಮುಗಿದ ದಿನ ನೆನಪಿದೆಯೇ? ಹಳೆಯ ಫೋಟೊ ಅಳಿಸು ಎಂದೆ ನಾನು. "ಯಾವ ದಿನಾನ ಅಳಿಸ್ಲಿ? ನೀನೇ ಹೇಳು ನೋಡಾನ" ಎಂದೆ ನೀನು. ಸಿರಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು ನಾನು, ದಾರಿ ಹುಡುಕಿದೆ. ಮುಂದಿನ ವಾರವೇ ಆ ಪುಟ್ಟ ಕಂಪ್ಯೂಟರ್ ತಂದೆ. ಇಸ್ಪೀಟು ಕಟ್ಟಿನಷ್ಟು ಅಗಲದ ಒಂದೇ ಒಂದು ಬೋರ್ಡು, ಪಕ್ಕದಲ್ಲೊಂದು ಹಾರ್ಡ್ ಡಿಸ್ಕ್. ನಮ್ಮ ಯಾರ ಫೋನು ಮನೆಯ ವೈಫೈಗೆ ಸೇರಿದರೂ ಅದು ತಾನಾಗಿಯೇ ಹೊಸ ಫೋಟೊಗಳನ್ನು ನಕಲು ಮಾಡಿಕೊಂಡು ಇಟ್ಟುಕೊಳ್ಳುತ್ತಿತ್ತು, ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ತಮಾಷೆಗೆಂದು ಇನ್ನೊಂದು ಕೆಲಸವನ್ನೂ ಅದಕ್ಕೆ ಹಚ್ಚಿದ್ದೆ. ನಿನ್ನ ಫೋನು ಮನೆಗೆ ಬಂದ ಕೂಡಲೇ ನನಗೊಂದು ಮೆಸೇಜು ಬರುತ್ತಿತ್ತು: "ಅಪ್ಪ ಮನೆಗೆ ಬಂದರು." ಅದನ್ನು ತೋರಿಸಿದಾಗ ನೀನು ನಕ್ಕು, "ನೋಡಮ್ಮ, ಮಷೀನಿಗಾದ್ರೂ ಮರ್ಯಾದೆ ಗೊತ್ತೈತೆ" ಎಂದಿದ್ದೆ.

ನೀನು ಗವಸು ಹೊಲಿಯದೆ ಬಿಟ್ಟ ವಸ್ತು ನಮ್ಮ ಮನೆಯಲ್ಲಿ ಯಾವುದಿತ್ತು ಹೇಳು? ಟಿವಿಗೆ, ಮಿಕ್ಸಿಗೆ, ಕೊನೆಗೆ ಅಮ್ಮನ ಕನ್ನಡಕದ ಡಬ್ಬಿಗೂ! ಒಂದು ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಕಂಪ್ಯೂಟರಿಗೂ ಗವಸು. ಮಿಕ್ಕಿದ್ದ ಸೂಟಿನ ಬಟ್ಟೆ, ಒಳಗೆ ಲೈನಿಂಗು, ಮುಂದೆ ಒಂದು ಗುಂಡಿ, ಅದಕ್ಕೊಂದು ಚೆಂದದ ಕಾಜ. "ಕೂಸು ಕಣಮ್ಮ ಇದು. ಧೂಳು ಕುಂತ್ಕಂಡ್ರೆ ಕೆಮ್ಮಲ್ವಾ?" ಎಂದೆ. ಅಯ್ಯೋ, ಅದಕ್ಕೆ ಗಾಳಿ ಬೇಕಪ್ಪಾ ಎಂದು ಆಗಲೇ ಹೇಳಬೇಕಿತ್ತು. ನಿನ್ನ ಮುಖದಲ್ಲಿದ್ದ ಖುಷಿ ನೋಡಿ ಬಾಯಿ ಬರಲಿಲ್ಲ. ನಾಳೆ ತೆಗೆದರಾಯಿತು ಎಂದುಕೊಂಡೆ. ಆ ನಾಳೆ...

ಬೇಸಿಗೆ ಬಂತು. ಮಂಡಿನೋವೆಂದು ನೀನು ಮಹಡಿ ಹತ್ತುವುದನ್ನು ಬಿಟ್ಟೆ. ಇನ್ನು ಬೆಟ್ಟದ ಫೋಟೊ ಇರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ನೀನು ಟೀ ಕುಡಿಯಲು ಹೋಗಿಬಂದಾಗಲೆಲ್ಲ ಬರುತ್ತಿದ್ದ ಮೆಸೇಜಿಗೆ ಪಾಠದ ನಡುವೆ ಕಿರಿಕಿರಿಯಾಗಿ, ಅದರ ಸದ್ದನ್ನು ನಿಲ್ಲಿಸಿಟ್ಟಿದ್ದೆ. ಹಾಗಾಗಿ ಅದು ಬರುವುದೇ ನಿಂತಾಗ ನನಗೆ ತಿಳಿಯಲಿಲ್ಲ.

ಆಷಾಢದಲ್ಲಿ ನೀನು ಹೋದೆ. ನಿನ್ನನ್ನು ಆಸ್ಪತ್ರೆಗೆಂದು ಆಟೊ ಹತ್ತಿಸುವಾಗ ಜೇಬಿನಿಂದ ಜಾರಿ ಬಿದ್ದ ಫೋನು ಮತ್ತೆ ಹೊತ್ತಿಕೊಳ್ಳಲೇ ಇಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅಮ್ಮ ನನ್ನ ಪಕ್ಕ ಕೂತು, "ನಿಮ್ಮಪ್ಪ ಕಡೇಗೆ ತೆಗ್ದಿದ್ ಫೋಟೊಗಳ್ನ ಒಂದ್ಸಲ ತೋರ್ಸಮ್ಮ" ಎಂದಳು. ನಾನು ಧೈರ್ಯವಾಗಿ ಗವಸು ಎತ್ತಿದೆ. ಕೂಸಿನ ದೀಪ ಆರಿತ್ತು. ಬಿಸಿಗೆ ಬೆಂದು ಅದರ ಮೆಮೊರಿ ಕಾರ್ಡ್ ಕೆಟ್ಟಿತ್ತು. ಹಾರ್ಡ್ ಡಿಸ್ಕಿನಲ್ಲಿ ಶಿವರಾತ್ರಿಯಿಂದ ಈಚೆಗೆ ಒಂದು ಫೋಟೊವೂ ಇಲ್ಲ. ನಿನ್ನ ಕೊನೆಯ ತಿಂಗಳುಗಳೆಲ್ಲ ಆ ಸತ್ತ ಫೋನಿನೊಳಗೇ ಉಳಿದಿದ್ದವು. ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ ಅಪ್ಪಾ? ಹೋದವರ ಮೇಲಿನ ಸಿಟ್ಟನ್ನು ಎಲ್ಲಿ ಇಡುವುದು? ಸ್ವಲ್ಪ ಹೊತ್ತಿಗೆ ಅದು ನನ್ನ ಮೇಲೇ ತಿರುಗಿತು. ನಕಲು ಇದೆ ಎಂದು ನಂಬಿ ಕೂರಬೇಡಿ, ಆಗಾಗ ತೆರೆದು ನೋಡಿ ಎಂದು ವರ್ಷಾನುಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಗವಸು ಹಿಡಿದುಕೊಂಡು ಅತ್ತೆ.

ಕೂಸಿಗೆ ಹೊಸ ಕಾರ್ಡ್ ಹಾಕಿ, ಎಲ್ಲವನ್ನೂ ಮೊದಲಿನಂತೆಯೇ ಹೊಂದಿಸಿ ಮತ್ತೆ ಎಬ್ಬಿಸಿದೆ, ನಾನು ನಿಲ್ಲಿಸಿಟ್ಟಿದ್ದ ಮೆಸೇಜಿನ ಸದ್ದನ್ನೂ ಆನ್ ಮಾಡಿದೆ. ಫೋನನ್ನು ಊರಿನ ಇಬ್ಬರು ನೋಡಿ ಆಗಲ್ಲ ಎಂದು ವಾಪಸ್ಸು ಕೊಟ್ಟರು. ಕೊನೆಗೆ ಸಿರಾ ಬಸ್‌ಸ್ಟ್ಯಾಂಡ್ ಹತ್ತಿರ ರಿಪೇರಿ ಮಾಡುವ ಭಾಯ್ ಒಬ್ಬರು ತಿರುಗಿಸಿ ಮುರುಗಿಸಿ ನೋಡಿ, "ಫಿಕರ್ ಮಾಡ್ಬೇಡಿ ಮೇಡಂ. ಟೈಮ್ ಕೊಡಿ, ನಮ್ಮ ಅಬ್ಬಾ ಫೋನು ಅಂದ್ಕಂಡೇ ನೋಡ್ತೀನಿ" ಎಂದರು. ಮೂರು ವಾರ ದಿನಾ ಬಸ್ ಇಳಿದು ಅವರ ಅಂಗಡಿ ಕಡೆ ನೋಡುತ್ತಿದ್ದೆ, ಅವರು ಇನ್ನೂ ಇಲ್ಲ ಎಂದು ಕೈಯಾಡಿಸುತ್ತಿದ್ದರು. ಒಂದು ಶನಿವಾರ ಅವರೇ ಕರೆದರು. "ಜಾನ್ ಐತೆ ಮೇಡಂ ಇದ್ರಲ್ಲಿ, ಇನ್ನೂ ಜೀವ ಐತೆ. ಮನೆಗೋಗಿ ಆನ್ ಮಾಡಿ."

ಮಧ್ಯಾಹ್ನದ ಬಿಸಿಲು ನಡುಮನೆಗೆ ಬಿದ್ದಿತ್ತು. ಅಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಫೋನನ್ನು ನಿನ್ನ ಹೊಲಿಗೆ ಮಷೀನಿನ ಹಲಗೆಯ ಮೇಲಿಟ್ಟು ಆನ್ ಮಾಡಿದೆ. ನೀನು ಲಾಕ್ ಇಟ್ಟವನೂ ಅಲ್ಲ. ಅದು ಎಚ್ಚರಾಗುವುದನ್ನು ನೋಡುತ್ತ ನಿಂತಿದ್ದಾಗ ನನ್ನ ಕೈಯಲ್ಲಿದ್ದ ಫೋನು ಸದ್ದು ಮಾಡಿತು.

"ಅಪ್ಪ ಮನೆಗೆ ಬಂದರು."

"ಏನಮ್ಮ ಅದು ಮೆಸೇಜು?" ಎಂದಳು ಅಮ್ಮ. ಫೋನನ್ನು ಅವಳ ಮುಂದೆ ಹಿಡಿದೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು. ನಿಜವಾಗಲೂ ನೋಡಿದಳು ಅಪ್ಪಾ.

ಫೋಟೊಗಳು ಒಂದೊಂದೇ ಇಳಿದು ಬಂದವು. ಮಹಡಿ ಹತ್ತಲಾಗದವನು ಹೊಸ್ತಿಲ ಮೇಲೆ ಕೂತು ತೆಗೆದಿದ್ದೆ. ಮೇಲೆ ಬೆಟ್ಟ, ಕೆಳಗೆ ನಮ್ಮ ಬೀದಿ, ಬೀದಿಯಲ್ಲಿ ಸಿರಾ ಬಸ್ಸಿಗೆ ಓಡುತ್ತಿರುವ ನಾನು. ಹಸಿರು ಸೀರೆ, ನೀಲಿ ಸೀರೆ, ನೀನೇ ಹೊಲಿದುಕೊಟ್ಟ ಚೂಡಿದಾರ. ಎಲ್ಲದರಲ್ಲೂ ನನ್ನ ಬೆನ್ನು. ಒಂದರಲ್ಲಾದರೂ ನಾನು ತಿರುಗಿ ನೋಡಬಾರದಿತ್ತೇ?

"ಇವತ್ತು ತಿರುಗ್ತಾಳೆ ನೋಡೇ ಅಂತ ದಿನಾ ಫೋನ್ ಹಿಡ್ಕಂಡು ಕುಂತಿರೋರು" ಎಂದಳು ಅಮ್ಮ. "ಕರೀರಿ ಅತ್ಲಾಗೆ ಅಂದ್ರೆ, ಬುಡು, ಬಸ್ ತಪ್ಪೋಯ್ತದೆ ಅನ್ನೋರು."

ನಿನಗೆ ಹೇಳಬೇಕಾದ ಸುದ್ದಿ ಇದು. ಕಲಿ ಕಲಿ ಎಂದು ನೀನು ಬಡಕೊಂಡರೂ ಕಲಿಯದ ಕಾಜದ ಹೊಲಿಗೆಯನ್ನು ಅಮ್ಮನ ಹತ್ತಿರ ಕಲಿತೆ. ಕೂಸಿನ ಗವಸಿನ ಲೈನಿಂಗ್ ಬಿಚ್ಚಿ ಸುತ್ತಲೂ ಕಾಜ ತೆಗೆದಿದ್ದೇನೆ, ಗಾಳಿ ಆಡುತ್ತದೆ. ಹೊಲಿಗೆ ಸೊಟ್ಟಪಟ್ಟ, ನೀನಿದ್ದಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದೆ. ಪ್ರತಿ ಭಾನುವಾರ ಗವಸು ಎತ್ತಿ, ದೀಪ ನೋಡಿ, ಫೋಟೊ ತೆರೆದು ನೋಡುತ್ತೇನೆ. ನಿನ್ನ ಫೋನು ಈಗ ಅಮ್ಮನದು. ಅವಳು ಸಂತೆಯಿಂದ ಬಂದಾಗಲೆಲ್ಲ ನೀನು ಮನೆಗೆ ಬಂದೆ ಎಂದು ಮೆಸೇಜು ಬರುತ್ತದೆ. ಅದನ್ನು ಬದಲಾಯಿಸಿಲ್ಲ, ಸದ್ದನ್ನೂ ನಿಲ್ಲಿಸಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ನಿನ್ನ ಜಾಗದಲ್ಲಿ, ಹೊಸ್ತಿಲ ಮೇಲೆ ಫೋನು ಹಿಡಿದು ಕೂತಿದ್ದಳು. ಬೀದಿಯ ತಿರುವಿನಲ್ಲಿ ನಾನು ನಿಂತೆ. ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಹೊಡೆಯಲಿ ಎಂದು ತಿರುಗಿದೆ. ಸಂಜೆ ಬಂದು ನೋಡಿದರೆ ಆ ಫೋಟೊ ಆಗಲೇ ಕೂಸಿನ ಹತ್ತಿರ ಸೇರಿತ್ತು. ಅದರಲ್ಲಿ ಬೆಟ್ಟ ಕಾಣುವುದಿಲ್ಲ, ಪೂರಾ ಮಂಜು. ನಾನು ಕಾಣುತ್ತೇನೆ ಅಪ್ಪಾ, ಮುಖ ಮನೆಯ ಕಡೆಗಿದೆ.

ನಿನ್ನ ಮಗಳು