ಒಂದು ಮಿಲಿಮೀಟರಿನ ತಪ್ಪು

ಪ್ರೀತಿಯ ಸಂಜೀವಣ್ಣನಿಗೆ, ನಿಮ್ಮಿಂದ ಸ್ವರ ಕಲಿತ ಜಗದೀಶನ ನಮಸ್ಕಾರ.

ನಾನು ದುಬೈಯಿಂದ ರಜೆಗೆ ಬಂದಾಗ ನಿಮ್ಮ ಕೈಯಲ್ಲಿ ಆ ಹೊಸ ಮೌತ್‌ಪೀಸ್, ತುಟಿಯಿಟ್ಟು ಊದುವ ಆ ತುಂಡು, ಇಟ್ಟ ದಿನ ನೆನಪಿದೆಯೇ? ಹಳೆಯದರ ಅಂಚು ಸವೆದು ನಿಮ್ಮ ತುಟಿ ಒಡೆಯುತ್ತಿತ್ತು. ಹೊಸದನ್ನು ಅಂಗಿಯ ತುದಿಯಲ್ಲಿ ಒರೆಸಿ, ನಿಮ್ಮ ಆ ದೊಡ್ಡ ಹಿತ್ತಾಳೆ ವಾದ್ಯ ಟ್ಯೂಬಾಕ್ಕೆ ಸಿಕ್ಕಿಸಿ, "ಇದು ಪೂರ್ತಿ ಒಳಗೆ ಹೋಗುವುದಿಲ್ಲ ಮಾರಾಯ, ಸ್ವಲ್ಪ ಹೊರಗೇ ನಿಲ್ತದೆ" ಎಂದಿರಿ. "ಹೊಸದಲ್ವಾ ಅಣ್ಣ, ಬಿಗಿ ಉಂಟು. ಊದ್ತಾ ಊದ್ತಾ ಸರಿ ಆಗ್ತದೆ" ಎಂದೆ ನಾನು. ನೀವು ಮತ್ತೆ ಆ ಮಾತು ಎತ್ತಲಿಲ್ಲ. ಅಷ್ಟು ದೂರದಿಂದ ತಂದವನ ಮನಸ್ಸು ನೋಯಬಾರದು ಎಂದೇ ಅಲ್ಲವೇ?

ಆಮೇಲೆ ನಾನು ಊರಿಗೇ ಮರಳಿ, ವೇಣೂರಿನ ನಮ್ಮ ಬ್ಯಾಂಡ್ ಸೆಟ್ಟಿಗೆ ಯಜಮಾನನಾದೆ. ಮೂಡುಬಿದಿರೆಯ ಆ ಮದುವೆಯಲ್ಲಿ ದಿಬ್ಬಣದ ಉದ್ದಕ್ಕೂ ನಿಮ್ಮ ಸ್ವರ ಉಳಿದವರಿಗಿಂತ ಒಂದು ಕೂದಲು ಕೆಳಗೇ ನಿಂತಿತ್ತು. ಮದುಮಗನ ಮಾವ ನನ್ನನ್ನು ಬದಿಗೆ ಕರೆದು, "ಆ ದೊಡ್ಡ ವಾದ್ಯದವರಿಗೆ ಹುಷಾರಿಲ್ವಾ?" ಎಂದು ಕೇಳಿದರು. ನನಗೆ ಅವಮಾನವಾಯಿತು. ಹಿಂದಿರುಗುವಾಗ ವ್ಯಾನಿನಲ್ಲಿ ಎಲ್ಲರ ಎದುರಿಗೇ ಹೇಳಿಬಿಟ್ಟೆ: "ಇನ್ನು ಸಾಕು ಅಣ್ಣ. ನಿಮಗೆ ದಮ್ಮು ಸಾಲುವುದಿಲ್ಲ." ನೀವು ಕಿಟಕಿಯ ಹೊರಗೆ ನೋಡುತ್ತಾ "ಆಯ್ತು" ಎಂದಿರಿ. ಬೈಯಬಹುದಿತ್ತಲ್ಲ, ನನ್ನ ಕೆನ್ನೆಗೊಂದು...

ಟ್ಯೂಬಾ ಮೂಲೆ ಸೇರಿತು. ಮರುವರ್ಷ ನೀವು ತೀರಿಕೊಂಡಿರಿ. ಈ ಸಲದ ಮದುವೆಗಳಿಗೆ ಅದನ್ನು ಅದೇ ಮೌತ್‌ಪೀಸಿನ ಸಮೇತ ಹೊರತೆಗೆದು, ಸೆಟ್ಟಿಗೆ ಹೊಸದಾಗಿ ಸೇರಿದ ರಮೇಶನಿಗೆ ಕೊಟ್ಟೆ. ಮೂವತ್ತರ ಗಟ್ಟಿ ಆಳು, ಗದ್ದೆಯಲ್ಲಿ ದುಡಿದ ಎದೆ. ಅವನ ಸ್ವರವೂ ಅಷ್ಟೇ ಕೆಳಗೆ ಇಳಿಯಿತು.

ಬಂಟ್ವಾಳದಲ್ಲಿ ವಾದ್ಯ ರಿಪೇರಿ ಮಾಡುವ ಇಬ್ರಾಯಿಚ್ಚನ ಬಳಿ ಹೋದೆ. ಟ್ಯೂಬಾದ ಪೆಟ್ಟಿಗೆಯಲ್ಲಿ ನೀವು ಬಟ್ಟೆ ಸುತ್ತಿಟ್ಟಿದ್ದ ಹಳೆಯ ಮೌತ್‌ಪೀಸೂ ಸಿಕ್ಕಿತ್ತು. ಅವರು ಎರಡರ ಶ್ಯಾಂಕನ್ನು, ಅಂದರೆ ಕೊಳವೆಯೊಳಗೆ ಕೂರುವ ಬಾಲವನ್ನು, ಅಳತೆಯ ಇಕ್ಕಳದಲ್ಲಿ ಹಿಡಿದು ನೋಡಿದರು. "ಹಳೇದರ ತುದಿ ಹದಿಮೂರು ಮಿಲಿಮೀಟರ್, ಇದರದ್ದು ಹದಿನಾಲ್ಕು. ಇದು ಬೇರೆ ಜಾತಿಯ ಟ್ಯೂಬಾದ್ದು ಮಾರಾಯ್ರೆ. ಒಳಗೆ ಸರಿಯಾಗಿ ಕೂರದಿದ್ರೆ ಕೊಳವೆ ಉದ್ದ ಆದ ಹಾಗೆ, ಯಾರು ಊದಿದ್ರೂ ಸ್ವರ ಇಳೀತದೆ" ಎಂದರು. ಯಾರು ಊದಿದರೂ. ಅಂದು ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿದ್ದರೆ...

ಅದೇ ವಾರ ಅಭ್ಯಾಸಕ್ಕೆ ಸೇರಿದಾಗ, ಅಂದು ವ್ಯಾನಿನಲ್ಲಿದ್ದ ಎಲ್ಲರಿಗೂ ವಿಷಯ ಹೇಳಿದೆ. ಮರುದಿನ ಕಕ್ಕಿಂಜೆಯ ಬಸ್ಸು ಹತ್ತಿ ನಿಮ್ಮ ಮನೆಗೆ ಹೋದೆ. ನಿಮ್ಮ ಹೆಂಡತಿ ಸುಂದರಿಯಕ್ಕ ಕೂರಿಸಿ ಬೆಲ್ಲ, ನೀರು ಕೊಟ್ಟರು. ಎಲ್ಲವನ್ನೂ ಕೇಳಿದ ಮೇಲೆ ಹೇಳಿದರು: "ನೀನು ಸಾಕು ಹೇಳಿದ ಮರುದಿನದಿಂದ ಅವರು ಬೆಳಿಗ್ಗೆ ಅಂಗಳದಲ್ಲಿ ನಿಂತು ಉಸಿರು ಹಿಡಿದು ಎಣಿಸ್ತಿದ್ರು. ಮೂವತ್ತು, ಮೂವತ್ತೈದು ಅಂತ. 'ಜಗ್ಗ ಹೇಳಿದ್ದು ಸರಿ ಉಂಟು. ದಮ್ಮು ಸ್ವಲ್ಪ ಹೆಚ್ಚಾದ್ರೆ ಪುನಃ ಕರೀತಾನೆ' ಹೇಳ್ತಿದ್ರು."

ನಾನು ಕರೆಯಲಿಲ್ಲ, ಸಂಜೀವಣ್ಣ. ನಿಮ್ಮ ಲೆಕ್ಕ ಎಷ್ಟಕ್ಕೆ ಮುಟ್ಟಿತ್ತೋ, ಕೇಳುವ ಧೈರ್ಯವೂ ನನಗೆ ಬರಲಿಲ್ಲ. ನಿಮಗೆ ತಲುಪದೆ ಉಳಿದ ಸುದ್ದಿ ಇದೊಂದೇ: ಸ್ವರ ಕೆಡಿಸಿದ್ದು ನಾನು. ನೀವು ಕೊನೆಯ ಮದುವೆಯವರೆಗೂ ಸರಿಯಾಗಿಯೇ ಊದಿದ್ದಿರಿ.

ನಿಮ್ಮ
ಜಗ್ಗ