ಯಾರಿಗೋಸ್ಕರ ಓದಲಿ ಎಂದ ಸೊಸೆಗೆ

ರಂಜಿತಾ,

ಪಾಪುವನ್ನು ಯಲ್ದೂರಿಗೆ, ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಸಂಜೆಗೆ ಬರುತ್ತೇವೆ. ಡೈರಿಗೆ ಹಾಲು ಹಾಕಿ ಆಯಿತು. ಹಸುವಿಗೆ ಮಧ್ಯಾಹ್ನ ನೀರು ಕುಡಿಸಿದರೆ ಸಾಕು. ಮುದ್ದೆ, ಹುರುಳಿಕಾಳಿನ ಸಾರು ಮುಚ್ಚಿಟ್ಟಿದ್ದೇನೆ. ಉಪ್ಪು ಜಾಸ್ತಿಯಾಗಿದೆ, ನನ್ನನ್ನು ಬೈದುಕೊಂಡಾದರೂ ತಿನ್ನು.

ನಿನ್ನೆ ನೀನು ಇತಿಹಾಸದ ಪುಸ್ತಕ ಮುಚ್ಚಿ, "ಓದು ಅಂದೋರೇ ಈಗಿಲ್ಲ, ಇನ್ನು ಯಾರಿಗೋಸ್ಕರ ಓದ್ಲಿ ಮಾವ?" ಅಂದೆ. ನಾನು ಎದ್ದು ಕೊಟ್ಟಿಗೆಗೆ ಹೋದೆ. ಸಿಟ್ಟು ಅಂದುಕೊಳ್ಳಬೇಡ. ನಿನ್ನೆದುರು ಅಳಬಾರದು ಅಂತ ಹೋದೆ.

ಮದುವೆಯಿಂದ ನಿನ್ನ ಓದು ನಿಂತಿತೆಂಬ ಕೊರಗು ಅಮರನಾಥನಿಗೆ ಇತ್ತು. "ಈ ಸಲ ರಂಜಿತನ ಕೈಲಿ ಸೆಕೆಂಡ್ ಪಿಯುಸಿ ಕಟ್ಟಿಸ್ತೀನಪ್ಪ" ಅಂತ ಪುಸ್ತಕ ತಂದವನು ಅವನೇ. ಆ ಟೆಂಪೋ ಅವನ ಬೈಕಿಗೆ ಗುದ್ದದೆ ಇದ್ದಿದ್ದರೆ, ಇವತ್ತು ಮಗುವನ್ನು ಅವನೇ ಎತ್ತಿಕೊಂಡು ಹೋಗಿ ನಿನ್ನನ್ನು ಓದಲು ಬಿಡುತ್ತಿದ್ದ.

ಪರೀಕ್ಷೆ ಹತ್ತಿರ ಬಂತು. ಬರೆಯಮ್ಮ. ಪಾಸಾದರೆ ಕೋಲಾರದಲ್ಲಿ ಕಾಲೇಜು ಸೇರು, ಪಾಪುವನ್ನು ನಾನು ನೋಡಿಕೊಳ್ಳುತ್ತೇನೆ. ಗಂಡ ಹೋದ ಮೇಲೆ ಮನೆ ಬಿಟ್ಟಳು ಅಂತ ಯಾರಾದರೂ ಅಂದರೆ, ಅವರಿಗೆ ನಾನು ಉತ್ತರ ಹೇಳುತ್ತೇನೆ.

ಅವನು ಹೊರಟ ದಿನ ನಾನು ಹೊಲದಲ್ಲಿದ್ದೆ. ಹೋಗಿ ಬಾ ಅನ್ನುವುದಕ್ಕೂ ಆಗಲಿಲ್ಲ. ನಿನ್ನನ್ನಾದರೂ ನಾನೇ ಬಸ್ ಹತ್ತಿಸಬೇಕು.

ಮಾವ,
ಚನ್ನರಾಯಪ್ಪ